ಲೈಮ್ ನಂತರದ ಬಳಲಿಕೆಗೆ ಕಿವಿಯ ಮೂಲಕ ನರಪ್ರಚೋದನೆ: ಎಂಟು ವಾರಗಳ ಚಿಕಿತ್ಸೆಯ ವಿಮರ್ಶೆ

ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಗೆ ಕೊಟ್ಟ ಆಂಟಿಬಯಾಟಿಕ್ ಮುಗಿದು ಹದಿನಾಲ್ಕು ತಿಂಗಳು ಕಳೆದಿದ್ದರೂ ಸುಸ್ತು, ಕೀಲುನೋವು, ಎದ್ದು ನಿಂತರೆ ಎದೆ ಹೊಡೆದುಕೊಳ್ಳುವುದು, ಎಷ್ಟು ಮಲಗಿದರೂ ನಿದ್ದೆಯಾಯಿತೆಂದು ಅನ್ನಿಸದಿರುವುದು, ಇವು ಯಾವುವೂ ನನ್ನನ್ನು ಬಿಟ್ಟಿರಲಿಲ್ಲ. ಇವುಗಳಿಗಾಗಿ ಕನೆಕ್ಟಿಕಟ್ ರಾಜ್ಯದ ಒಂದು ಪುನಶ್ಚೇತನ ಚಿಕಿತ್ಸಾಲಯದಲ್ಲಿ ಎಂಟು ವಾರಗಳ ಕಾಲ ಮೆದುಳಿನಿಂದ ಕರುಳಿನವರೆಗೆ ಹೋಗುವ ವೇಗಸ್ ನರವನ್ನು ಕಿವಿಯ ಮೂಲಕ ಪ್ರಚೋದಿಸುವ ಚಿಕಿತ್ಸೆ ಪಡೆದೆ. ಇದರಲ್ಲಿ ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಕಿವಿಗೆ ಒಂದು ಚಿಕ್ಕ ಕ್ಲಿಪ್ ಸಿಕ್ಕಿಸಿಕೊಂಡು, ಬ್ಯಾಟರಿಯಿಂದ ನಡೆಯುವ ಒಂದು ಪೆಟ್ಟಿಗೆಯಿಂದ ಸಣ್ಣ ವಿದ್ಯುತ್ ಪ್ರವಾಹವನ್ನು ದಿನವೂ ನಿಗದಿತ ಹೊತ್ತು ಹರಿಸಿಕೊಳ್ಳಬೇಕು. ಈ ಚಿಕಿತ್ಸೆಯಿಂದ ನನಗೆ ಸಿಕ್ಕಿದ್ದೇನು, ಸಿಗದೇ ಹೋದದ್ದೇನು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಚಿಕಿತ್ಸಾಲಯದ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಆರಂಭದಲ್ಲಿ ಒಂದು ತಪ್ಪು ನಡೆಯಿತು, ಅದನ್ನು ಅವರೇ ಒಪ್ಪಿಕೊಂಡು ಸರಿಪಡಿಸಿದರು. ಮೇಲಾಗಿ ನನ್ನ ಮಾತು ಒಂದು ಸಂಸ್ಥೆಯ ಬಗ್ಗೆ ಅಲ್ಲ, ಈಗ ಹಲವೆಡೆ ಸಿಗುತ್ತಿರುವ ಈ ಚಿಕಿತ್ಸೆಯ ಬಗ್ಗೆ.

ನನ್ನ ತವರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಉಣುಗು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಆ ಕಾಯಿಲೆ ಇಂದಿಗೂ ಬೇಸಿಗೆ ಬರುತ್ತಿದ್ದಂತೆ ಮಲೆನಾಡಿನ ಊರುಗಳಲ್ಲಿ ಭಯ ಹುಟ್ಟಿಸುತ್ತದೆ; ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದು ಕೇಳಿದರೆ ಜನ ಸೊಪ್ಪಿಗೂ ತರಗೆಲೆಗೂ ಹೋಗಲು ಹಿಂಜರಿಯುತ್ತಾರೆ, ಹೋಗಲೇಬೇಕಾದವರು ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ತೈಲ ಹಚ್ಚಿಕೊಂಡು ಹೋಗುತ್ತಾರೆ. ಹಾಗಿದ್ದೂ ಕನೆಕ್ಟಿಕಟ್‌ನಲ್ಲಿ ಮನೆಯ ಹಿಂದೆ ಬಸಳೆ, ಹರಿವೆ ಹಾಕಿಕೊಂಡ ಐದು ವರ್ಷಗಳಲ್ಲಿ ಒಂದು ದಿನವೂ ನಾನು ಉಣುಗಿನ ಬಗ್ಗೆ ಯೋಚಿಸಿರಲಿಲ್ಲ. ಮಂಗನ ಕಾಯಿಲೆಗೆ ಕಾರಣ ಒಂದು ವೈರಸ್. ಲೈಮ್‌ಗೆ ಕಾರಣ ಬೊರೆಲಿಯಾ ಬರ್ಗ್‌ಡೊರ್ಫೆರಿ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯ. ಆದ್ದರಿಂದಲೇ ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ. ಇದನ್ನು ಹರಡುವ ಕರಿಗಾಲಿನ ಉಣುಗಿನ ಮರಿ ಒಂದು ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ. ಜೂನ್ ತಿಂಗಳಲ್ಲಿ ಮಂಡಿಯ ಹಿಂಭಾಗದಲ್ಲಿ ಅಂಗೈಯಗಲದ ಕೆಂಪು ಮಚ್ಚೆ ಎದ್ದು, ಅದರ ಅಂಚು ದಿನದಿನಕ್ಕೆ ಹೊರಗೆ ಹರಡುತ್ತಾ ಹೋದಾಗ ವೈದ್ಯರ ಬಳಿ ಹೋದೆ. ಅವರು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, 21 ದಿನ ಎಂದು ಬರೆದುಕೊಟ್ಟರು. ಮಚ್ಚೆ ಹೋಯಿತು, ಜ್ವರ ಹೋಯಿತು. ಸುಸ್ತು ಮಾತ್ರ ಹೋಗಲಿಲ್ಲ.

ಈ ಸುಸ್ತು ಎಂಥದ್ದೆಂದು ಆರೋಗ್ಯವಂತರಿಗೆ ತಿಳಿಸಿ ಹೇಳುವುದು ಕಷ್ಟ. ಬೆಳಿಗ್ಗೆ ದೋಸೆ ಹುಯ್ಯಲು ಒಲೆಯ ಮುಂದೆ ನಿಂತರೆ ಮೂರನೆಯ ದೋಸೆಯ ಹೊತ್ತಿಗೆ ಎದೆಬಡಿತ ಕಿವಿಯಲ್ಲಿ ಕೇಳಿಸತೊಡಗುತ್ತಿತ್ತು. ಒಂದು ಕುರ್ಚಿಯನ್ನು ಅಡುಗೆಮನೆಯಲ್ಲಿ ಖಾಯಂ ಆಗಿ ಇಟ್ಟುಕೊಂಡೆ. ಒಂದು ದಿನ ಸ್ವಲ್ಪ ಹೆಚ್ಚು ಕೆಲಸ ಮಾಡಿದರೆ ಮುಂದಿನ ಎರಡು ದಿನ ಹಾಸಿಗೆಯಲ್ಲೇ. ಲೆಕ್ಕಪತ್ರದ ಕೆಲಸ ನನ್ನದು. ಇಪ್ಪತ್ತು ವರ್ಷ ಅಂಕಿಗಳ ನಡುವೆಯೇ ಬದುಕಿದವಳು ಒಂದು ಸಾಲು ಓದಿ ಮುಂದಿನ ಸಾಲಿಗೆ ಬರುವಷ್ಟರಲ್ಲಿ ಹಿಂದಿನದನ್ನು ಮರೆಯತೊಡಗಿದ್ದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಅಂದಾಜಿನಂತೆ ಆ ದೇಶದಲ್ಲಿ ವರ್ಷಕ್ಕೆ ಸುಮಾರು 4,76,000 ಜನರು ಲೈಮ್‌ಗೆ ಚಿಕಿತ್ಸೆ ಪಡೆಯುತ್ತಾರೆ, ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಚಿಕಿತ್ಸೆಯ ನಂತರವೂ ನೋವು, ಸುಸ್ತು, ಯೋಚನೆಯ ಮಂಕು ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುತ್ತವೆ. ನಾನು ಆ ಐದು ಹತ್ತರಲ್ಲಿ ಒಬ್ಬಳು.

ಇನ್ನೊಂದು ಸುತ್ತು ಆಂಟಿಬಯಾಟಿಕ್ ಕೊಡಿ ಎಂದು ಸೋಂಕುರೋಗ ತಜ್ಞರ ಮುಂದೆ ನಾನು ಬೇಡಿಕೊಂಡದ್ದು ನಿಜ. ಅವರು ಒಪ್ಪಲಿಲ್ಲ, ಆದರೆ ಏಕೆ ಒಪ್ಪುವುದಿಲ್ಲ ಎಂಬುದನ್ನು ಅರ್ಧ ಗಂಟೆ ಕೂತು ವಿವರಿಸಿದರು. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ನನ್ನಂಥ ರೋಗಿಗಳಿಗೆ 30 ದಿನ ರಕ್ತನಾಳದ ಮೂಲಕವೂ ಆಮೇಲೆ 60 ದಿನ ಬಾಯಿಯ ಮೂಲಕವೂ ಆಂಟಿಬಯಾಟಿಕ್ ಕೊಟ್ಟು ನೋಡಿದರು. ಔಷಧಿ ಪಡೆದವರಿಗೂ ಔಷಧಿಯೇ ಇಲ್ಲದ ಹುಸಿ ಮಾತ್ರೆ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 280 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿಯೂ ಹನ್ನೆರಡು ವಾರಗಳ ಹೆಚ್ಚುವರಿ ಔಷಧಿಯಿಂದ ಲಾಭವಾಗಲಿಲ್ಲ. ದೀರ್ಘಕಾಲ ರಕ್ತನಾಳಕ್ಕೆ ನಳಿಕೆ ಹಾಕಿಕೊಂಡಿರುವುದರಿಂದ ಬೇರೆ ಸೋಂಕು ತಗುಲುವ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯ ಸಾಯುವ ಅಪಾಯ ಮಾತ್ರ ಖಚಿತ. ಆ ಮಾತನ್ನು ಕೇಳಿ ಹೊರಬಂದಾಗ ಬಾಗಿಲು ಮುಚ್ಚಿದಂತೆ ಅನ್ನಿಸಿತ್ತು. ಈಗ ಯೋಚಿಸಿದರೆ ಅವರು ನನಗೆ ಮಾಡಿದ ಉಪಕಾರ ದೊಡ್ಡದು. ನನ್ನನ್ನು ಪುನಶ್ಚೇತನ ಚಿಕಿತ್ಸಾಲಯಕ್ಕೆ ಕಳುಹಿಸಿದವರೂ ಅವರೇ.

ಕಿವಿಗೂ ಲೈಮ್‌ಗೂ ಏನು ಸಂಬಂಧ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಫೋನಿನಲ್ಲಿ ವಿಷಯ ತಿಳಿಸಿದಾಗ ಅಮ್ಮ, "ಉಣುಗು ಕಚ್ಚಿದ್ದು ಕಾಲಿಗೆ, ಕರೆಂಟು ಕೊಡೋದು ಕಿವಿಗೆ, ಇದು ಹ್ಯಾಗೆ ಮಗಾ?" ಎಂದು ಕೇಳಿದಳು. ಅವಳಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಮೆದುಳಿನ ಬುಡದಿಂದ ಹೊರಟು, ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು, ಗುಂಡಿಗೆ, ಶ್ವಾಸಕೋಶ, ಜಠರ, ಕರುಳಿನವರೆಗೆ ಕವಲೊಡೆಯುತ್ತಾ ಹೋಗುವ ನರವೊಂದಿದೆ. ಅದೇ ಹತ್ತನೆಯ ಕಪಾಲ ನರ, ವೇಗಸ್. ಗುಂಡಿಗೆಯ ಬಡಿತವನ್ನು ನಿಧಾನಗೊಳಿಸುವ ಲಗಾಮು ಇದರ ಕೈಯಲ್ಲಿದೆ. ಇದರ ಎಳೆಗಳಲ್ಲಿ ಸುಮಾರು ಶೇಕಡಾ 80ರಷ್ಟು ಅಪ್ಪಣೆ ಒಯ್ಯುವವಲ್ಲ, ದೇಹದ ಒಳಗಿನ ಸಮಾಚಾರವನ್ನು ಮೆದುಳಿಗೆ ಮುಟ್ಟಿಸುವಂಥವು. ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್‌ನಲ್ಲಿರುವ ಫೈನ್‌ಸ್ಟೈನ್ ಸಂಸ್ಥೆಯ ಕೆವಿನ್ ಟ್ರೇಸಿ ಎಂಬ ಶಸ್ತ್ರವೈದ್ಯ ವಿಜ್ಞಾನಿ 2002ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ದೇಹದಲ್ಲಿ ಉರಿಯೂತ ಮಿತಿ ಮೀರದಂತೆ ನೋಡಿಕೊಳ್ಳುವ ಕೆಲಸದಲ್ಲಿಯೂ ವೇಗಸ್ ನರದ ಪಾತ್ರವಿದೆ, ಅದನ್ನು ಪ್ರಚೋದಿಸಿದರೆ ಉರಿಯೂತ ಹೆಚ್ಚಿಸುವ ರಾಸಾಯನಿಕಗಳ ಉತ್ಪಾದನೆ ತಗ್ಗುತ್ತದೆ. ಸೋಂಕು ಹೋದ ಮೇಲೂ ಉರಿಯೂತವೂ ಸ್ವಯಂಚಾಲಿತ ನರಮಂಡಲದ ಏರುಪೇರೂ ಉಳಿದಿರುವುದೇ ಲೈಮ್ ನಂತರದ ತೊಂದರೆಗೆ ಒಂದು ಕಾರಣವಾಗಿರಬಹುದು ಎಂಬ ಊಹೆಯಿಂದ ಈ ಚಿಕಿತ್ಸೆ ಇಲ್ಲಿಗೆ ಬಂದು ಮುಟ್ಟಿದೆ.

ಕಿವಿಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ವೇಗಸ್ ನರ ಚರ್ಮದ ಮೇಲ್ಮೈಗೆ ಬರುವುದು ಕಿವಿಯಲ್ಲಿ ಮಾತ್ರ. ಅದರ ಒಂದು ಸಣ್ಣ ಕವಲು ಕಿವಿಯ ತೂತಿನ ಮೇಲ್ಭಾಗದ ತಗ್ಗಿನಲ್ಲಿಯೂ ತೂತಿನ ಮುಂದಿರುವ ಚಿಕ್ಕ ಉಬ್ಬಿನಲ್ಲಿಯೂ ಹರಡಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಅಂಗರಚನಾ ವಿಜ್ಞಾನಿ ಅರ್ನಾಲ್ಡ್ ಅವರ ಹೆಸರನ್ನೇ ಆ ಕವಲಿಗೆ ಇಟ್ಟಿದ್ದಾರೆ. ಕಿವಿಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುತ್ತದಲ್ಲ, ಅದಕ್ಕೆ ಕಾರಣ ಈ ಕವಲೇ. ಅಮ್ಮನಿಗೂ ಹಾಗೆ ಕೆಮ್ಮು ಬರುತ್ತದೆ, ಆದ್ದರಿಂದ ಅವಳಿಗೆ ಈ ಮಾತು ತಟ್ಟನೆ ಹಿಡಿಸಿತು. ಅಪಸ್ಮಾರಕ್ಕೆ ಎದೆಯ ಚರ್ಮದ ಕೆಳಗೆ ಯಂತ್ರ ಇಟ್ಟು, ಕುತ್ತಿಗೆಯಲ್ಲಿ ಇದೇ ನರಕ್ಕೆ ತಂತಿ ಸುತ್ತಿ ಪ್ರಚೋದಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 1997ರಲ್ಲಿಯೇ ಅನುಮತಿ ಸಿಕ್ಕಿತ್ತು. ಆ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಿ ಹೊರಗಿನಿಂದಲೇ ನರವನ್ನು ಮುಟ್ಟುವ ದಾರಿ ಕಿವಿ.

ಮೊದಲ ಭೇಟಿ ಒಂದೂವರೆ ಗಂಟೆ ನಡೆಯಿತು, ಅದರ ಬಹುಪಾಲು ಯಂತ್ರಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಪೇಸ್‌ಮೇಕರ್ ಇದೆಯೇ, ಕಿವಿಯೊಳಗೆ ಶ್ರವಣ ಸಾಧನವನ್ನು ಅಳವಡಿಸಿದ್ದಾರೆಯೇ, ಗುಂಡಿಗೆಯ ಬಡಿತ ಯಾವಾಗಲಾದರೂ ತಪ್ಪಿದೆಯೇ, ಫಿಟ್ಸ್ ಬಂದಿದೆಯೇ, ಗರ್ಭಿಣಿಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು, ಇಸಿಜಿ ತೆಗೆದರು. ಅನಂತರ ಹತ್ತು ನಿಮಿಷ ಅಲುಗಾಡದೆ ಮಲಗಿಸಿ ನಾಡಿ ಎಣಿಸಿ, ಗೋಡೆಗೆ ಬೆನ್ನು ತಾಗಿಸಿ ಹತ್ತು ನಿಮಿಷ ನಿಲ್ಲಿಸಿ ಪ್ರತಿ ನಿಮಿಷಕ್ಕೊಮ್ಮೆ ಎಣಿಸಿದರು. ಮಲಗಿದ್ದಾಗ 68, ನಿಂತು ಹತ್ತನೆಯ ನಿಮಿಷಕ್ಕೆ 104. ಮೂವತ್ತಕ್ಕಿಂತ ಹೆಚ್ಚು ಏರಿದರೆ ಅದನ್ನು ಲಕ್ಷಣವೆಂದೇ ಎಣಿಸುತ್ತಾರೆ ಎಂದು ತಿಳಿಸಿದರು. ಹದಿನಾಲ್ಕು ತಿಂಗಳು ನಾನು ಬಾಯಲ್ಲಿ ಹೇಳುತ್ತಾ ಬಂದದ್ದನ್ನು ಯಾರೋ ಒಬ್ಬರು ಅಳೆದು ಕಾಗದದ ಮೇಲೆ ಬರೆದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಈ ಒಂದು ಕಾರಣಕ್ಕೇ ನಾನು ಆ ಚಿಕಿತ್ಸಾಲಯವನ್ನು ಬೇರೆಯವರಿಗೆ ಹೇಳುತ್ತೇನೆ.

ಬಾಡಿಗೆಗೆ ಕೊಟ್ಟ ಯಂತ್ರ ನೋಡಲು ಸಾಧಾರಣವಾದದ್ದು. ಬೆನ್ನುನೋವಿಗೆ ಫಿಸಿಯೋಥೆರಪಿಯವರು ಬಳಸುವ ಟೆನ್ಸ್ ಯಂತ್ರದ ಜಾತಿಯದೇ. ಕೈಯಗಲದ ಪೆಟ್ಟಿಗೆ, ಒಂಬತ್ತು ವೋಲ್ಟ್ ಬ್ಯಾಟರಿ, ಎರಡು ತಿರುಗಣೆ, ಅದರಿಂದ ಹೊರಟ ತೆಳ್ಳನೆಯ ತಂತಿಯ ತುದಿಗೆ ಬಟ್ಟೆಗೆ ಹಾಕುವ ಕ್ಲಿಪ್ಪಿನ ಮರಿಯಂಥ ಒಂದು ಕ್ಲಿಪ್. ಕ್ಲಿಪ್ಪಿನ ಎರಡೂ ದವಡೆಗಳಲ್ಲಿ ಬೇಳೆಯಷ್ಟು ಗಾತ್ರದ ವಾಹಕ ರಬ್ಬರಿನ ಗುಂಡಿಗಳಿವೆ. ವೇಗ ಸೆಕೆಂಡಿಗೆ 25 ಮಿಡಿತ, ಒಂದೊಂದು ಮಿಡಿತದ ಅವಧಿ 250 ಮೈಕ್ರೋಸೆಕೆಂಡ್. ಇವೆರಡನ್ನೂ ಅವರೇ ಹೊಂದಿಸಿ, ಅಲುಗದಂತೆ ಮೇಲೆ ಟೇಪು ಅಂಟಿಸಿ ಕೊಟ್ಟರು. ನನ್ನ ಕೈಗೆ ಬಿಟ್ಟದ್ದು ಪ್ರವಾಹದ ಪ್ರಮಾಣವೊಂದನ್ನೇ. ಎಡ ಕಿವಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ರಬ್ಬರ್ ಗುಂಡಿಗಳಿಗೆ ಎರಡು ಹನಿ ಉಪ್ಪುನೀರು ಸವರಿ, ಕ್ಲಿಪ್ ಹಾಕಿಕೊಂಡು, ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಮೊದಲು ಏನೂ ಇರುವುದಿಲ್ಲ. ಆಮೇಲೆ ಇರುವೆ ಹರಿದಂತೆ. ಅದರ ನಂತರ ಸೂಜಿ ಚುಚ್ಚಿದಂತೆ. ಚುಚ್ಚುವುದು ತಿಳಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಇರುವೆ ಹರಿಯುವ ಹಂತದಲ್ಲಿ ನಿಲ್ಲಿಸಬೇಕು. ಮೊದಲ ವಾರ ಹದಿನೈದು ನಿಮಿಷ ಎರಡು ಹೊತ್ತು, ಆಮೇಲೆ ಅರ್ಧ ಗಂಟೆ ಎರಡು ಹೊತ್ತು. ಆ ಹೊತ್ತಿನಲ್ಲಿ ಫೋನು ನೋಡಬಾರದು, ಉಸಿರನ್ನು ನಿಧಾನವಾಗಿ ಬಿಡಬೇಕು ಎಂಬ ಕಟ್ಟಳೆಯೂ ಇತ್ತು.

ಇಲ್ಲಿಯೇ ಆ ತಪ್ಪಿನ ವಿಷಯ ಬರುತ್ತದೆ. ಮೊದಲ ದಿನ ಚಿಕಿತ್ಸಾಲಯದ ತಜ್ಞೆ ಪರೀಕ್ಷೆ ಮುಗಿಸಿ ಹೋದ ಮೇಲೆ ಕ್ಲಿಪ್ ಹಾಕುವುದನ್ನು ತೋರಿಸಿಕೊಟ್ಟವರು ಹೊಸದಾಗಿ ಸೇರಿದ್ದ ಸಹಾಯಕರು. ಅವರು ತೋರಿಸಿದ ಜಾಗ ನಾವು ಓಲೆ ಹಾಕಿಕೊಳ್ಳುವ ಮೆತ್ತನೆಯ ಕೆಳತುದಿ. ನಾನು ಹತ್ತು ದಿನ ಅಲ್ಲಿಯೇ ಹಾಕಿಕೊಂಡೆ, ಓಲೆಯನ್ನು ಬಿಚ್ಚಿಟ್ಟು, ಬಹಳ ಶ್ರದ್ಧೆಯಿಂದ. ಹನ್ನೊಂದನೆಯ ದಿನ ಮರುಪರೀಕ್ಷೆಗೆ ಹೋದಾಗ ತಜ್ಞೆ ನನ್ನ ಕಿವಿಯನ್ನು ನೋಡಿದ ಕೂಡಲೇ ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟರು. ಕಿವಿಯ ಕೆಳತುದಿಯಲ್ಲಿ ವೇಗಸ್‌ನ ಕವಲು ಇಲ್ಲ. ಇಲ್ಲವೆಂಬ ಕಾರಣಕ್ಕೇ ಸಂಶೋಧಕರು ಹೋಲಿಕೆಗಾಗಿ ಹುಸಿ ಚಿಕಿತ್ಸೆ ಕೊಡಬೇಕಾದಾಗ ಕ್ಲಿಪ್ಪನ್ನು ಅಲ್ಲಿ ಹಾಕುತ್ತಾರೆ. ಅವರು ಕ್ಷಮೆ ಕೇಳಿದರು, ಆ ದಿನಗಳ ಬಾಡಿಗೆಯನ್ನು ಬಿಟ್ಟುಕೊಟ್ಟರು, ಕನ್ನಡಿ ಹಿಡಿದು ಸರಿಯಾದ ಜಾಗವನ್ನು ತೋರಿಸಿ, ನನ್ನ ಕಿವಿಯ ಚಿತ್ರವನ್ನು ನನ್ನದೇ ಫೋನಿನಲ್ಲಿ ತೆಗೆದುಕೊಟ್ಟರು. ಬುಗುಡಿ ಹಾಕುವ ಮೇಲಿನ ಅಂಚಿನಿಂದ ಒಳಕ್ಕೆ ಬಂದರೆ ಒಂದು ದಿಣ್ಣೆ ಸಿಗುತ್ತದೆ, ಆ ದಿಣ್ಣೆಯನ್ನು ದಾಟಿ ಕಿವಿಯ ತೂತಿನ ಕಡೆಗೆ ಇಳಿದರೆ ಬೆರಳ ತುದಿ ಕೂರುವಷ್ಟು ತಗ್ಗು. ಅಲ್ಲಿ ಕ್ಲಿಪ್ ನಿಲ್ಲುವುದು ಕಷ್ಟವಾದ್ದರಿಂದ ನನಗೆ ತೂತಿನ ಮುಂದಿನ ಉಬ್ಬನ್ನು ಗೊತ್ತುಮಾಡಿದರು.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಹತ್ತು ದಿನಗಳ ನನ್ನ ದಿನಚರಿ. ಕನೆಕ್ಟಿಕಟ್ ನದಿಯ ಮುಖದಲ್ಲಿರುವ ಓಲ್ಡ್ ಲೈಮ್ ಎಂಬ ಊರಿನ ಸುತ್ತ 1975ರಲ್ಲಿ ಮಕ್ಕಳಿಗೆ ಕೀಲುಬಾವು ಬರುತ್ತಿರುವುದನ್ನು ಮೊದಲು ಗಮನಿಸಿ ಅಧಿಕಾರಿಗಳಿಗೆ ತಿಳಿಸಿದವರು ವೈದ್ಯರಲ್ಲ, ತಾಯಂದಿರು. ಅವರಲ್ಲೊಬ್ಬರಾದ ಪಾಲಿ ಮರ್ರೆ ತಮ್ಮ ಮನೆಯವರ ಕಾಯಿಲೆಯ ವಿವರವನ್ನು ವರ್ಷಗಟ್ಟಲೆ ಬರೆದಿಟ್ಟಿದ್ದರು. ಆ ಬರಹವಿಲ್ಲದಿದ್ದರೆ ಈ ಕಾಯಿಲೆಗೆ ಹೆಸರು ಸಿಗುವುದು ಇನ್ನಷ್ಟು ತಡವಾಗುತ್ತಿತ್ತು. ಅವರ ವಿಷಯ ಓದಿದ ಮೇಲೆ ನಾನೂ ಒಂದು ನೋಟ್‌ಬುಕ್ ಇಟ್ಟುಕೊಂಡು ದಿನವೂ ರಾತ್ರಿ ಸುಸ್ತಿಗೆ, ನೋವಿಗೆ, ನಿದ್ದೆಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕುತ್ತಿದ್ದೆ. ಚಿಕಿತ್ಸೆ ಆರಂಭವಾದ ದಿನ ಸುಸ್ತು 7. ಹತ್ತನೆಯ ದಿನ, ತಪ್ಪು ಜಾಗದಲ್ಲಿ ಕ್ಲಿಪ್ ಹಾಕಿಕೊಂಡೇ, 6. "ಈ ರಾತ್ರಿ ಒಳ್ಳೆಯ ನಿದ್ದೆ, ಯಂತ್ರ ಕೆಲಸ ಮಾಡುತ್ತಿದೆ" ಎಂದು ನನ್ನದೇ ಕೈಬರಹದಲ್ಲಿ ಬರೆದಿದೆ. ಯಾರಾದರೂ ಕಾಳಜಿಯಿಂದ ನೋಡಿಕೊಂಡಾಗ, ದಿನಕ್ಕೆ ಎರಡು ಬಾರಿ ಫೋನು ದೂರವಿಟ್ಟು ನಿಧಾನವಾಗಿ ಉಸಿರಾಡಿದಾಗ, ವಾಸಿಯಾಗುತ್ತದೆಂದು ನಂಬಿದಾಗ ಮನುಷ್ಯನಿಗೆ ನಿಜವಾಗಿಯೂ ಹಗುರವೆನ್ನಿಸುತ್ತದೆ. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಅದೇ ಹನ್ನೊಂದನೆಯ ದಿನ ಗೋಡೆಗೆ ಒರಗಿ ನಿಂತಾಗಿನ ನಾಡಿಯ ಏರಿಕೆ ಮೊದಲ ದಿನದಂತೆಯೇ 36. ಮನಸ್ಸಿಗೆ ತಿಳಿದ ಸುಧಾರಣೆ ನಾಡಿಗೆ ತಲುಪಿರಲಿಲ್ಲ.

ಸರಿಯಾದ ಜಾಗದಲ್ಲಿ ಹಾಕತೊಡಗಿದ ಮೇಲೆ ಮೊದಲ ಎರಡು ವಾರ ಯಾವ ಬದಲಾವಣೆಯೂ ಕಾಣಲಿಲ್ಲ, ಬದಲಿಗೆ ಉಬ್ಬಿನ ಚರ್ಮ ಕೆಂಪಾಗಿ ಸುಲಿದಂತಾಯಿತು. ಉಪ್ಪುನೀರು ಆರಿದ್ದನ್ನು ಗಮನಿಸದೆ ಮುಂದುವರಿಸಿದರೆ ಪ್ರವಾಹ ಒಂದೇ ಕಡೆ ಒತ್ತಿ ಹರಿದು ಹೀಗಾಗುತ್ತದೆ. ಎರಡು ದಿನ ಬಿಟ್ಟು, ಹದಿನೈದು ನಿಮಿಷಕ್ಕೊಮ್ಮೆ ಒದ್ದೆ ಮಾಡಿಕೊಳ್ಳತೊಡಗಿದ ಮೇಲೆ ನಿಂತಿತು. ಒಂದೆರಡು ಸಲ ದವಡೆ ನೋವು, ಒಂದು ಸಲ ತಲೆ ಸುತ್ತಿದಂತಾದದ್ದು ಬಿಟ್ಟರೆ ಬೇರೆ ತೊಂದರೆ ಆಗಲಿಲ್ಲ. ಐದನೆಯ ವಾರದ ಸುಮಾರಿಗೆ ರಾತ್ರಿ ಮೂರು ಗಂಟೆಗೆ ಎದೆ ಹೊಡೆದುಕೊಂಡು ಎಚ್ಚರವಾಗುವುದು ಕಡಿಮೆಯಾಯಿತು. ಎಂಟನೆಯ ವಾರದ ಕೊನೆಯ ಪರೀಕ್ಷೆಯಲ್ಲಿ ಮಲಗಿದ್ದಾಗ ನಾಡಿ 66, ಹತ್ತು ನಿಮಿಷ ನಿಂತ ಮೇಲೆ 88. ಏರಿಕೆ 36ರಿಂದ 22ಕ್ಕೆ ಇಳಿದಿತ್ತು. ಈಗ ಆರೇಳು ದೋಸೆ ಹುಯ್ದ ಮೇಲೆ ಕುರ್ಚಿ ಎಳೆದುಕೊಳ್ಳುತ್ತೇನೆ. ಸುಸ್ತಿನ ಅಂಕ ಹೆಚ್ಚಿನ ದಿನಗಳಲ್ಲಿ 5.

ಕೀಲುನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಡ ಮಂಡಿ ಬೆಳಿಗ್ಗೆ ಹೇಗೆ ಬಿಗಿದಿರುತ್ತಿತ್ತೋ ಹಾಗೆಯೇ ಇದೆ. ಯೋಚನೆಯ ಮಂಕು ಕೂಡ ಅಷ್ಟೇ. ಸಂಜೆಯ ಹೊತ್ತಿಗೆ ಅಂಕಣದಲ್ಲಿ ಕೂಡಿದ ಮೊತ್ತವನ್ನು ಈಗಲೂ ಮೂರು ಸಲ ನೋಡುತ್ತೇನೆ. ಮತ್ತೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು: ಅದೇ ಎಂಟು ವಾರಗಳಲ್ಲಿ ಚಿಕಿತ್ಸಾಲಯದವರ ಸಲಹೆಯಂತೆ ಕೆಲಸವನ್ನು ತುಂಡು ತುಂಡಾಗಿ ಹಂಚಿಕೊಂಡು, ಸುಸ್ತಾಗುವ ಮೊದಲೇ ವಿಶ್ರಾಂತಿ ತೆಗೆದುಕೊಳ್ಳುವುದನ್ನೂ ಕಲಿತೆ. ಮನೆಯವರು ಸಂಜೆಯ ಅಡುಗೆಯನ್ನು ಪೂರ್ತಿಯಾಗಿ ವಹಿಸಿಕೊಂಡರು. ಆದ್ದರಿಂದ ನಾಡಿಯ ಇಳಿಕೆಯ ಶ್ರೇಯಸ್ಸು ಯಂತ್ರಕ್ಕೆ ಎಷ್ಟು, ವಿಶ್ರಾಂತಿಗೆ ಎಷ್ಟು ಎಂದು ನನ್ನೊಬ್ಬಳ ಅನುಭವದಿಂದ ಬೇರ್ಪಡಿಸಲು ಬರುವುದಿಲ್ಲ.

ಬೇರ್ಪಡಿಸಲು ಬರುವುದು ಪರೀಕ್ಷೆಗಳಿಂದ ಮಾತ್ರ, ಮತ್ತು ಲೈಮ್ ನಂತರದ ತೊಂದರೆಗೆ ಈ ಚಿಕಿತ್ಸೆ ಕೆಲಸ ಮಾಡುತ್ತದೆಂದು ಸ್ಥಾಪಿಸಿದ ದೊಡ್ಡ ಪರೀಕ್ಷೆ ಇನ್ನೂ ಬಂದಿಲ್ಲ. ಹತ್ತಿರದ ಕಾಯಿಲೆಗಳಲ್ಲಿ ಭರವಸೆ ಕೊಡುವ ಚಿಕ್ಕ ಪರೀಕ್ಷೆಗಳಿವೆ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯ 18 ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಐದೇ ನಿಮಿಷದಂತೆ ನಾಲ್ಕು ದಿನ ಕಿವಿಯ ಪ್ರಚೋದನೆ ಕೊಟ್ಟು, ಹುಸಿ ಚಿಕಿತ್ಸೆ ಪಡೆದ ಉಳಿದವರೊಂದಿಗೆ ಹೋಲಿಸಿ ನೋಡಿದಾಗ ನೋವು, ಸುಸ್ತು ಎರಡೂ ತಗ್ಗಿದ್ದು 2021ರಲ್ಲಿ ಪ್ರಕಟವಾಯಿತು. ನಿಂತರೆ ನಾಡಿ ಏರುವ ಪಾಟ್ಸ್ ಎಂಬ ತೊಂದರೆಯಿದ್ದ 26 ರೋಗಿಗಳಿಗೆ ಓಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳು ಕೊಟ್ಟು ನೋಡಿದರು. ಕಿವಿಯ ಮುಂದಿನ ಉಬ್ಬಿನಲ್ಲಿ ಕ್ಲಿಪ್ ಹಾಕಿಕೊಂಡವರಲ್ಲಿ ನಾಡಿಯ ಏರಿಕೆ ಇಳಿಯಿತು, ಓಲೆಯ ಜಾಗದಲ್ಲಿ ಹಾಕಿಕೊಂಡವರಲ್ಲಿ ಹಾಗಾಗಲಿಲ್ಲ. ಇದನ್ನು ಓದಿದಾಗ ನನ್ನ ನೋಟ್‌ಬುಕ್ಕನ್ನೇ ಯಾರೋ ದೊಡ್ಡದಾಗಿ ಬರೆದಂತೆ ಅನ್ನಿಸಿತು. ಆದರೆ ಲೂಪಸ್ ಲೈಮ್ ಅಲ್ಲ, ಹದಿನೆಂಟು ಇಪ್ಪತ್ತಾರು ಜನ ಬಹಳ ಜನರೂ ಅಲ್ಲ. 2025ರಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಶಸ್ತ್ರಚಿಕಿತ್ಸೆಯಿಂದ ಕುತ್ತಿಗೆಯೊಳಗೆ ಇಡುವ ಸಾಧನಕ್ಕೆ. ಅದನ್ನು ತೋರಿಸಿ ಕಿವಿಯ ಕ್ಲಿಪ್ ಮಾರುವವರ ಮಾತನ್ನು ನಂಬಬಾರದು. ಲೈಮ್ ನಂತರದ ಲಕ್ಷಣಗಳಿಗೆಂದು ಎಫ್‌ಡಿಎ ಒಪ್ಪಿದ ನರಪ್ರಚೋದಕ ಸಾಧನ ಒಂದೂ ಇಲ್ಲ.

ಈ ಕಾರಣಕ್ಕೇ ಚಿಕಿತ್ಸಾಲಯದ ಬಗ್ಗೆ ನನಗೆ ಒಂದು ಅಸಮಾಧಾನ ಉಳಿದಿದೆ. ತಜ್ಞೆ ನನ್ನೊಡನೆ ಮಾತಾಡುವಾಗ ಇದು ಪ್ರಯತ್ನ ಮಾತ್ರ, ಖಾತರಿ ಇಲ್ಲ ಎಂದೇ ಹೇಳಿದರು. ಆದರೆ ಹೊರಗೆ ಕಾಯುವ ಕೋಣೆಯಲ್ಲಿ ಇಟ್ಟಿದ್ದ ಕರಪತ್ರದಲ್ಲಿ ದೀರ್ಘಕಾಲದ ಲೈಮ್‌ನಿಂದ ಬಿಡುಗಡೆ ಎಂಬ ಅರ್ಥದ ಮಾತು ದಪ್ಪ ಅಕ್ಷರದಲ್ಲಿತ್ತು. ಕಾಯಿಲೆಯಿಂದ ಕಂಗೆಟ್ಟು ಬಂದವರು ಮೊದಲು ಓದುವುದು ಕರಪತ್ರವನ್ನು. ಅದನ್ನು ತೆಗೆಯಬೇಕೆಂದು ನಾನು ಬರೆದುಕೊಟ್ಟಿದ್ದೇನೆ, ಕೊನೆಯ ಭೇಟಿಯ ದಿನವೂ ಅದು ಅಲ್ಲಿಯೇ ಇತ್ತು.

ಖರ್ಚಿನ ವಿಷಯ: ಮೊದಲ ಭೇಟಿಗೆ 180 ಡಾಲರ್, ನಾಲ್ಕು ಮರುಭೇಟಿಗೆ ತಲಾ 90, ಯಂತ್ರದ ಬಾಡಿಗೆ ತಿಂಗಳಿಗೆ 60. ವಿಮೆಯವರು ಮೊದಲ ಭೇಟಿಯನ್ನು ಮಾತ್ರ ಭರಿಸಿದರು, ಉಳಿದದ್ದಕ್ಕೆ ಕಾಯಿಲೆಗೆ ಒಪ್ಪಿತವಾದ ಚಿಕಿತ್ಸೆಯಲ್ಲ ಎಂಬ ಉತ್ತರ ಬಂತು. ಇದಕ್ಕಿಂತ ಕಡಿಮೆ ಬೆಲೆಗೆ ಇಂಥದೇ ಪೆಟ್ಟಿಗೆ, ಕ್ಲಿಪ್ ಆನ್‌ಲೈನ್‌ನಲ್ಲಿ ಸಿಗುತ್ತವೆ. ತರಿಸಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ತರಬೇತಿ ಪಡೆದವರು ಎದುರಿಗೆ ಕೂತು ತೋರಿಸಿದಾಗಲೂ ನನ್ನ ಕ್ಲಿಪ್ ಹತ್ತು ದಿನ ತಪ್ಪು ಜಾಗದಲ್ಲಿತ್ತು; ಗುಂಡಿಗೆಯ ಬಡಿತದಲ್ಲಿ ದೋಷವಿದ್ದವರು ಇಸಿಜಿ ಇಲ್ಲದೆ ಈ ನರಕ್ಕೆ ಕೈ ಹಾಕುವುದಂತೂ ಅಪಾಯ. ಲೈಮ್ ಇದೆಯೇ ಎಂಬ ಸಂಶಯದಲ್ಲಿರುವವರು, ಮಚ್ಚೆ ಎದ್ದಿರುವವರು, ಇನ್ನೂ ಆಂಟಿಬಯಾಟಿಕ್ ತೆಗೆದುಕೊಳ್ಳದವರು ಮೊದಲು ಅದನ್ನು ಮುಗಿಸಬೇಕು. ಕಿವಿಯ ಕ್ಲಿಪ್ ಬ್ಯಾಕ್ಟೀರಿಯವನ್ನು ಕೊಲ್ಲುವುದಿಲ್ಲ. ಔಷಧಿ ಮುಗಿಸಿಯೂ ನನ್ನಂತೆ ಉಳಿದುಕೊಂಡವರು, ಅದರಲ್ಲಿಯೂ ಎದ್ದು ನಿಂತರೆ ಎದೆ ಹೊಡೆದುಕೊಳ್ಳುವವರು, ಹೋಗುವುದಾದರೆ ಮಲಗಿಸಿ ನಿಲ್ಲಿಸಿ ನಾಡಿ ಎಣಿಸುವ ಚಿಕಿತ್ಸಾಲಯಕ್ಕೆ ಹೋಗಿ. ಮೊದಲ ದಿನ ಕ್ಲಿಪ್ ಹಾಕಿದ ಕೂಡಲೇ, ಇದು ಯಾವ ನರದ ಜಾಗ, ಇಲ್ಲಿಯೇ ಏಕೆ ಎಂದು ಕೇಳಿ, ಚಿತ್ರ ತೆಗೆಸಿಕೊಳ್ಳಿ. ನಾನು ಕೇಳಿರಲಿಲ್ಲ.

ಯಂತ್ರದ ಬಾಡಿಗೆಯನ್ನು ಮಾರ್ಚ್‌ವರೆಗೆ ಮುಂದುವರಿಸಿದ್ದೇನೆ, ಈಗ ರಾತ್ರಿ ಒಂದು ಹೊತ್ತು ಮಾತ್ರ. ಮಾರ್ಚ್ ಮೊದಲ ದಿನದಿಂದ ಎರಡು ವಾರ ಅದನ್ನು ಪೂರ್ತಿ ನಿಲ್ಲಿಸಿ, ವಿಶ್ರಾಂತಿಯ ಕ್ರಮವನ್ನು ಹಾಗೆಯೇ ಇಟ್ಟುಕೊಂಡು, ದಿನ ಬಿಟ್ಟು ದಿನ ಬೆಳಿಗ್ಗೆ ಅಡುಗೆಮನೆಯ ಗೋಡೆಗೆ ಒರಗಿ ಹತ್ತು ನಿಮಿಷ ನಿಂತು ನಾಡಿ ಎಣಿಸುವುದೆಂದು ತಜ್ಞೆಯೊಡನೆ ಮಾತಾಗಿದೆ. ಏರಿಕೆ ಮತ್ತೆ ಮೂವತ್ತನ್ನು ದಾಟಿದರೆ ಬಾಡಿಗೆ ಮುಂದುವರಿಯುತ್ತದೆ, ದಾಟದಿದ್ದರೆ ಯಂತ್ರವನ್ನು ಹಿಂದಿರುಗಿಸುತ್ತೇನೆ. ಆ ಎರಡು ವಾರಗಳ ಅಂಕಿಗಳನ್ನು, ಹೇಗೆ ಬಂದರೆ ಹಾಗೆ, ಈ ಬರಹದ ಕೆಳಗೆ ಸೇರಿಸುತ್ತೇನೆ.